ಎಡಗಾಲಿನ ಬೆಳಕು

ತಿಪಟೂರಿನ ಹಳೆಯ ಕೊಬ್ಬರಿ ಗೋದಾಮೊಂದರ ಮಹಡಿಯ ಮೇಲೆ, ಸೋಮವಾರ ಬೆಳಗಾಯಿತೆಂದರೆ ಹನ್ನೊಂದು ಜೊತೆ ಬೂಟುಗಳು ಸಾಲಾಗಿ ಕೂತು ಸಿದ್ದಗಂಗಮ್ಮನನ್ನು ಕಾಯುತ್ತಿದ್ದವು. ಭಾನುವಾರ ಸಂಜೆಯ ಆಟದ ಬೆವರು ಅವುಗಳಲ್ಲಿ ಇನ್ನೂ ಆರಿರುತ್ತಿರಲಿಲ್ಲ. ಅವಳು ಬಂದು ಕಿಟಕಿ ತೆರೆದು, ಶಿವನೇ ಎಂದು ಕೈಮುಗಿದು, ಒಂದೊಂದು ಬೂಟನ್ನೂ ಮಗುವಿನ ಕಾಲು ಹಿಡಿದಂತೆ ಹಿಡಿದು ನೋಡುವಳು. ಒಳಬಟ್ಟೆ ಬಿಸಿಲಿಗೆ, ಬ್ಯಾಟರಿ ಚಾರ್ಜಿಗೆ, ಬಿಟ್ಟ ಹೊಲಿಗೆ ಸೂಜಿಗೆ. ಮಾತಿಲ್ಲದ ಕೆಲಸ. ಮಾತಾಡಬೇಕೆಂದರೂ ಆ ಮಹಡಿಯ ಮೇಲೆ ಇನ್ನೊಂದು ಜೀವವಿರಲಿಲ್ಲ.

ಆ ಸೋಮವಾರ ಮೇಳದ ರಾಜವೇಷಧಾರಿ ರಂಗಧಾಮಯ್ಯನ ಎಡಗಾಲಿನ ಬೂಟು ಎತ್ತಿದವಳು ಅದನ್ನು ಕೆಳಗಿಡಲಿಲ್ಲ. ಹೆಬ್ಬೆರಳ ಕೆಳಗಿನ ರಬ್ಬರು ಸವೆದು ಒಳಗಿನ ಸೆಣಬು ಕಾಣುತ್ತಿತ್ತು. ಮೂರು ವಾರದ ಹಿಂದಷ್ಟೇ ಅಲ್ಲಿಗೊಂದು ತೇಪೆ ಹಾಕಿದ್ದಳು. ಅದಕ್ಕೂ ತಿಂಗಳ ಹಿಂದೆ ಇನ್ನೊಂದು. ಬಲಗಾಲಿನದನ್ನು ತಿರುಗಿಸಿ ನೋಡಿದಳು. ಹಿಮ್ಮಡಿ ಸವೆಯಬೇಕಾದಷ್ಟು ಸವೆದಿತ್ತು. ತುದಿ ಹೊಸದರಂತೆಯೇ ಇತ್ತು. ಮೂಡಲಪಾಯ ಯಕ್ಷಗಾನದಲ್ಲಿ ರಾಜವೇಷದವನು ನೆಲವನ್ನು ಗುದ್ದುತ್ತಾನೆ, ಎಳೆಯುವುದಿಲ್ಲ. ಇದು ಎಳೆದ ಕಾಲು.

ಬೂಟನ್ನು ಯಂತ್ರಕ್ಕೆ ಜೋಡಿಸಿದಳು. ಪರದೆಯ ಮೇಲೆ ಎಂದಿನಂತೆ ಒಂದೇ ಮಾತು ಬಂತು: 'ಸರಿ'. ನಾಲ್ಕು ವರ್ಷದಿಂದ ಪ್ರತಿ ಸೋಮವಾರ ಅದೇ ಮಾತು ಬರುತ್ತಿತ್ತು, ಅವಳೂ ಅದನ್ನು ನೋಡಿ ತೃಪ್ತಳಾಗಿ ಮುಂದಿನ ಬೂಟಿಗೆ ಕೈ ಹಾಕುತ್ತಿದ್ದಳು. ಇವತ್ತು ಆ ಮಾತಿನ ಹಿಂದಿರುವುದನ್ನು ನೋಡಬೇಕೆನ್ನಿಸಿತು.

ಹಿಂದಿರುವುದು ಏನೆಂದು ತಿಳಿಯಬೇಕಾದರೆ ಆ ಬೂಟು ಹುಟ್ಟಿದ ಕಥೆ ತಿಳಿಯಬೇಕು.

ಜನರೆಲ್ಲ ಕಣ್ಣಿಗೆ ಗಾಜು ಕಟ್ಟಿಕೊಂಡು, ಬೇಕಾದ ಲೋಕವನ್ನು ತಮ್ಮ ತಮ್ಮ ಮನೆಗೇ ತರಿಸಿಕೊಂಡು ನೋಡುತ್ತಿದ್ದ ಕಾಲವದು. ಮೇಳದ ಆಟಕ್ಕೆ ನಲವತ್ತು ಜನ ಬಂದರೆ ಅದೇ ಜಾತ್ರೆ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿ ಬಿಟ್ಟಿದ್ದ ಸಿದ್ದಗಂಗಮ್ಮನಿಗೆ ಒಂದು ಯೋಚನೆ ಬಂತು: ಕಾಲಿಟ್ಟಲ್ಲೆಲ್ಲ ಬೆಳಕು ಬಿದ್ದರೆ? ಒಲೆ ಹಚ್ಚುವ ಲೈಟರಿನೊಳಗೆ ಒಂದು ಹರಳಿರುತ್ತದಲ್ಲ, ಒತ್ತಿದರೆ ತನ್ನಷ್ಟಕ್ಕೆ ವಿದ್ಯುತ್ತು ಹುಟ್ಟಿಸಿ ಕಿಡಿ ಹಾರಿಸುವಂಥದ್ದು, ಅದೇ ಜಾತಿಯ ಐದು ಬಿಲ್ಲೆಗಳನ್ನು ಅಂಗಾಲಿನ ಕೆಳಗೆ ಕೂರಿಸಿದಳು. ಒತ್ತು ಬಿದ್ದೊಡನೆ ಬೂಟಿನಂಚಿನ ದೀಪ ನೆಲಕ್ಕೆ ಬೆಳಕು ಚೆಲ್ಲುವುದು: ಹಿಮ್ಮಡಿ ಬಿದ್ದರೆ ಹೊಂಬಣ್ಣ, ತುದಿಗಾಲಿಗೆ ಹಸಿರು, ತಿರುಗಿದರೆ ನೆಲದ ಮೇಲೆ ಬಳೆಯಂತೆ ಒಂದು ನೀಲಿ ಗೆರೆ. ಒಂದು ಗಳಿಗೆ ನಿಂತು ಆರಿಹೋಗುವುದು.

ಮೇಳದ ಭಾಗವತರು ಕೆಂಡವಾದರು. "ಕಾಲ್ಗೆ ಮೆಟ್ಟು ಮೆಟ್ಕಂಡು ರಂಗ ಹತ್ತೋದಾ? ಚರ್ಮದ್ದಾ? ಶಿವ ಶಿವಾ!"

"ಚರ್ಮ ಆಗಕಿಲ್ಲ ಅಂದ್ರೆ ಮದ್ದಳೆನೂ ಹೊರಗಿಡಿ ಸ್ವಾಮಿ, ಅದನ್ನೇನು ರೇಷ್ಮೆಲಿ ಬಿಗಿದವ್ರಾ?" ಎಂದಿದ್ದವನು ರಂಗಧಾಮಯ್ಯ. ಮೇಳಕ್ಕೆ ಮೇಳವೇ ನಕ್ಕಿತು. ಆದರೂ ಸಿದ್ದಗಂಗಮ್ಮ ಸೆಣಬು, ಬಟ್ಟೆ, ರಬ್ಬರಿನಲ್ಲೇ ಹೊಲಿದಳು. ಭಾಗವತರು ಬೂಟಿಗೆ ಕುಂಕುಮ ಇಟ್ಟು, ತಾವೇ ಮುಂದಾಗಿ ರಂಗಕ್ಕೆ ಒಯ್ದರು. ಆರು ತಿಂಗಳಲ್ಲಿ ಕಲಾಮಂದಿರ ತುಂಬಿತು.

ಕಷ್ಟವಿದ್ದದ್ದು ಒಂದೇ. ಬೆಳಕೂ ಮದ್ದಳೆಯೂ ಒಂದಾಗಿ ಬೀಳಬೇಕು. ಕೂದಲೆಳೆ ಹಿಂದುಮುಂದಾದರೂ ಕಣ್ಣು ಹಿಡಿದುಬಿಡುತ್ತದೆ. ಮದ್ದಳೆಯ ಚರ್ಮದ ಮುಚ್ಚಿಗೆಗೊಂದು ಪುಟ್ಟ ಬಿಲ್ಲೆ ಅಂಟಿಸಿ, ಪೆಟ್ಟು ಬಿದ್ದ ಸುದ್ದಿ ಬೂಟಿಗೆ ಮುಟ್ಟುವಂತೆ ಮಾಡಿದಳು. ಅಷ್ಟಾದಮೇಲೆ ಅವಳಿಗೆ ಅಪ್ಪನ ನೆನಪಾಯಿತು.

ಅಪ್ಪ, ಮದ್ದಳೆ ಗವಿಯಪ್ಪ, ಮೂವತ್ತು ವರ್ಷ ಇದೇ ಮೇಳಕ್ಕೆ ಕೈ ಸವೆಸಿದವನು. ಹೆಣ್ಣುಮಗು ಮದ್ದಳೆ ಮುಟ್ಟುವಂತಿರಲಿಲ್ಲ. ಅವಳು ಪರದೆಯ ಹಿಂದೆ, ವೇಷದ ಪೆಟ್ಟಿಗೆಗಳ ಸಂದಿಯಲ್ಲಿ ಅಮ್ಮನ ಮಡಿಲಿಗೆ ತಲೆಯಿಟ್ಟು ಕಿವಿಯಿಂದಲೇ ಕಲಿತಳು. ಪದ್ಯದ ಯಾವ ಅಕ್ಷರಕ್ಕೆ ಯಾವ ಪೆಟ್ಟು, ಯಾವ ಪೆಟ್ಟಿಗೆ ಯಾವ ಹೆಜ್ಜೆ ಎಂದು ಅವಳ ಕಿವಿಗೆ ಗೊತ್ತಿತ್ತು. ಕುಣಿಯುವವನ ಕಾಲು ತಡವಾದರೆ ಮದ್ದಳೆಯೂ ಒಂದೆಳೆ ತಡವಾಗುವುದು, ಕಾಲು ಅವಸರಪಟ್ಟರೆ ಮದ್ದಳೆ ಓಡಿ ಹಿಡಿಯುವುದು. ಮುಂದೆ ಕೂತ ಜನಕ್ಕೆ ಸುಳಿವೇ ಇಲ್ಲ. "ಕುಣಿಯೋನ ಮಾನ ಮದ್ದಳೆಯೋನ ಕೈಲೈತೆ ಮಗಾ," ಎನ್ನುತ್ತಿದ್ದ ಅಪ್ಪ.

ಆ ಧರ್ಮವನ್ನೇ ಅವಳು ಬೂಟಿಗೆ ಕಲಿಸಿದಳು. ಮಂಡಿ ಎದ್ದರೆ ಸಾಕು, ಹೆಜ್ಜೆ ಬರುತ್ತಿದೆಯೆಂದು ಬೂಟಿಗೆ ತಿಳಿಯುತ್ತಿತ್ತು. ಕಾಲು ತಡಮಾಡಿದರೆ ಬೆಳಕು ಕಾಯುತ್ತಿರಲಿಲ್ಲ. ಮದ್ದಳೆಯ ಪೆಟ್ಟಿಗೆ ಸರಿಯಾಗಿ ನೆಲಕ್ಕೆ ಬಿದ್ದುಬಿಡುತ್ತಿತ್ತು. ಕಾಲು ಎಷ್ಟು ಹಿಂದೆ ಬಿತ್ತೆಂಬುದನ್ನು ಬೂಟು ತನ್ನೊಳಗೆ ಬರೆದಿಟ್ಟುಕೊಂಡು, ಮುಂದಿನ ಆಟಕ್ಕೆ ಅಷ್ಟನ್ನು ಮೊದಲೇ ತುಂಬಿಕೊಳ್ಳುತ್ತಿತ್ತು. ಸೆಕೆಂಡನ್ನು ಸಾವಿರ ಪಾಲು ಮಾಡಿ, ಇನ್ನೂರು ಪಾಲಿನವರೆಗೆ ಮುಚ್ಚಬಹುದೆಂದು ಅವಳೇ ಮಿತಿ ಹಾಕಿದ್ದಳು. ಅದಕ್ಕಿಂತ ಹೆಚ್ಚು ಯಾರು ತಪ್ಪಿಯಾರು?

ಈಗ ಆ ಬರವಣಿಗೆಯನ್ನು ತೆರೆದು ಕೂತಳು. ಮೊದಲ ವರ್ಷ ಎರಡೂ ಕಾಲು ಇಪ್ಪತ್ತರ ಆಸುಪಾಸು. ಬಲಗಾಲು ಇವತ್ತಿಗೂ ಅಲ್ಲೇ ಇತ್ತು. ಎಡಗಾಲು ಎರಡೂವರೆ ವರ್ಷದ ಹಿಂದೆ ನಲವತ್ತೈದು. ಮರುವರ್ಷದ ಶಿವರಾತ್ರಿಗೆ ಎಂಬತ್ತು. ಕಳೆದ ದೀಪಾವಳಿಗೆ ನೂರ ಮೂವತ್ತು. ನಿನ್ನೆ, ನೂರ ತೊಂಬತ್ತೆಂಟು.

ಒಂದು ಆಟವೂ ಹಿಂದಕ್ಕೆ ಇಳಿದಿರಲಿಲ್ಲ. ಏಣಿಯ ಮೆಟ್ಟಿಲಿನಂತೆ ಏರುತ್ತಲೇ ಹೋಗಿತ್ತು.

ತುಮಕೂರಿನ ನರರೋಗದ ವೈದ್ಯೆಯೊಬ್ಬಳಿಗೆ ಆ ಅಂಕಿಗಳನ್ನು ಕಳಿಸಿದಳು, ಹೆಸರು ಹೇಳಲಿಲ್ಲ. ಮಧ್ಯಾಹ್ನಕ್ಕೆ ಫೋನು ಬಂತು.

"ಇಷ್ಟು ಚೆನ್ನಾಗಿ ಬರೆದಿಟ್ಟಿದ್ದನ್ನ ನಾನು ನೋಡೇ ಇಲ್ಲ. ಎಲ್ಲಿ ಸಿಕ್ತಮ್ಮ ನಿಮಗೆ?"

"ಕುಣಿಯೋರ ಕಾಲಿಂದು, ಡಾಕ್ಟ್ರೇ. ಏನಿದು?"

"ಮನುಷ್ಯನ್ನ ನೋಡ್ದೆ ಖಚಿತವಾಗಿ ಹೇಳೋ ಹಾಗಿಲ್ಲ. ಆದ್ರೆ ಚಲನೆ ನಡೆಸೋ ಮೆದುಳಿನ ಕೋಶಗಳು ಸಾಯ್ತಾ ಬಂದ್ರೆ ಹೀಗಾಗುತ್ತೆ. ಕೈ ನಡುಗೋಕೆ ಎಷ್ಟೋ ವರ್ಷ ಮುಂಚೆ ಒಂದು ಕಾಲು ಹೀಗೆ ಸೋಲುತ್ತೆ. ಭಯ ಪಡ್ಬೇಡಿ, ಈಗ ಇಂಜೆಕ್ಷನ್ ಇದೆ. ಎಲ್ಲಿದೆಯೋ ಅಲ್ಲೇ ನಿಲ್ಲಿಸಿಬಿಡುತ್ತೆ."

"ಹೋಗಿರೋದು ಬರುತ್ತಾ?"

"ಇಲ್ಲಮ್ಮ. ಹೋಗಿದ್ದು ಹೋಯ್ತು. ಅದಕ್ಕೇ ಬೇಗ ಬರಬೇಕು ಅನ್ನೋದು."

"ಎರಡು ವರ್ಷ ಮುಂಚೆ ಬಂದಿದ್ರೆ?"

"ಆ ನಲವತ್ತೈದರಲ್ಲೋ ಐವತ್ತರಲ್ಲೋ ನಿಂತುಹೋಗ್ತಿತ್ತು. ಆಯಸ್ಸಿರೋವರೆಗೂ ಕುಣೀಬಹುದಿತ್ತು. ಅಷ್ಟು ಜನ ನೋಡ್ತಾರೆ, ಯಾರೂ ಗಮನಿಸ್ಲಿಲ್ವಾ?"

ಸಿದ್ದಗಂಗಮ್ಮ ಫೋನು ಇಟ್ಟಳು. ಗಮನಿಸಿತ್ತು. ಬೂಟು ಮೊದಲ ದಿನದಿಂದ ಗಮನಿಸಿತ್ತು. ಗಮನಿಸಿ, ಅವಳು ಹೇಳಿಕೊಟ್ಟಂತೆ, ಯಾರಿಗೂ ತಿಳಿಯದ ಹಾಗೆ ಮುಚ್ಚಿತ್ತು.

ಬುಧವಾರ ತೇಪೆ ಹಾಕಿದ ಬೂಟು ಹಿಡಿದುಕೊಂಡು ಅವನ ಮನೆಗೆ ಹೋದಳು, ಹೇಳಿಬಿಡಬೇಕೆಂದೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಬಾಗಿಲಲ್ಲಿ ರಂಗಧಾಮಯ್ಯನ ಹೆಂಡತಿ ಹೊನ್ನಮ್ಮ ಕಂಡದ್ದೇ ತಡ, ಜೋಡಿಸಿದ್ದೆಲ್ಲ ಚದುರಿಹೋಯಿತು.

"ಬಾರಮ್ಮ ಒಳಿಕ್ಕೆ. ಮುದ್ದೆ ಈಗ ಇಳ್ಸಿವ್ನಿ, ನಿನ್ನ ಮೂಗು ಭಾರಿ ಚುರುಕು!"

"ಇಲ್ಲ ಅತ್ತಿಗೆ, ಬೂಟು ಕೊಟ್ಟು ಹೋಗಾನ ಅಂತ..."

"ಕೂತ್ಕಳವ್ವ ಗಂಗಾ," ರಂಗಧಾಮಯ್ಯ ಒಳಗಿಂದಲೇ ಕೂಗಿದ. "ಗವಿಯಪ್ಪನ ಮಗಳು ನಮ್ಮನೇಲಿ ಉಣ್ದೆ ಹೋದ್ರೆ, ಅವನು ಮೇಲಿಂದ ನನ್ನ ತಲೆ ಮೇಲೆ ಮದ್ದಳೆ ಬಾರಿಸ್ತಾನೆ."

ಊರಿನಲ್ಲಿ ಅವಳನ್ನು ಎಲ್ಲರೂ ಮೇಡಮ್ಮು ಎನ್ನುತ್ತಿದ್ದರು. ಗಂಗಾ ಎನ್ನಲು ಉಳಿದಿದ್ದವನು ಇವನೊಬ್ಬ. ಅಪ್ಪನ ಕೈಯ ಪೆಟ್ಟನ್ನು ಕಾಲಿನಲ್ಲಿ ನೆನಪಿಟ್ಟುಕೊಂಡಿದ್ದವನೂ ಇವನೊಬ್ಬ. ಮದುವೆ ಬೇಡವೆಂದಾಗ ಬಂಧುಗಳೆಲ್ಲ ಒಬ್ಬೊಬ್ಬರಾಗಿ ದೂರವಾದರು. ಇವನು ಮಾತ್ರ ಯಾವಾಗಲೋ ಒಮ್ಮೆ ಗೋದಾಮಿನ ಮೆಟ್ಟಿಲು ಹತ್ತಿ ಬಂದು, ಅಪ್ಪ ಯಾವ ಆಟದಲ್ಲಿ ಯಾವ ಪೆಟ್ಟು ಎಲ್ಲಿ ಇಟ್ಟನೆಂದು ಹೇಳಿ, ಟೀ ಕುಡಿದು ಹೋಗುವನು. ಆ ಹೊತ್ತು ಅವಳಿಗೆ ಒಂದು ವಾರಕ್ಕೆ ಸಾಕಾಗುತ್ತಿತ್ತು.

ಉಣ್ಣುವಾಗ ಅವಳು ಅವನನ್ನು ನೋಡಿದಳು. ಬಲಗೈ ಸಾರಿಗೆ ಮುದ್ದೆ ಅದ್ದುತ್ತಿತ್ತು. ಎಡಗೈ ತೊಡೆಯ ಮೇಲೆ, ಯಾರದೋ ಕೈಯನ್ನು ತಂದಿಟ್ಟ ಹಾಗೆ ಬಿದ್ದಿತ್ತು.

"ನಿಮ್ಮಣ್ಣಂಗೆ ವಯಸ್ಸಾಯ್ತು ಕಣಮ್ಮ," ಹೊನ್ನಮ್ಮ ಸಾರು ಬಡಿಸುತ್ತ ಅಂದಳು. "ಅಂಗಿ ಗುಂಡಿ ಹಾಕ್ಕಳಕ್ಕೆ ಅರ್ಧ ಗಂಟೆ ಬೇಕು. ಮೊನ್ನೆ ಬ್ಯಾಂಕಲ್ಲಿ ಸಹಿ ಹಾಕವ್ರೆ, ಇರುವೆ ಹರಿದಂಗೈತೆ. ಯಾರು ಸ್ವಾಮಿ ಇದು ಅಂತಾನೆ ಬ್ಯಾಂಕಿನೋನು."

"ಏ, ಸುಮ್ಕಿರು. ಗುಂಡಿ ನೋಡಿ ವಯಸ್ಸು ಹೇಳ್ತಾಳೆ! ಕುಣಿಯೋನ ವಯಸ್ಸು ಕಾಲಲ್ಲಿರ್ತದೆ. ಐವತ್ತೆಂಟಾಯ್ತು, ಒಂದು ಹೆಜ್ಜೆ ತಪ್ಪಿಲ್ಲ ನಾನು. ಸಾಕ್ಷಿ ಬೇಕಾ? ಗಂಗನ ಬೂಟು ಕೇಳು." ಅವನು ಇವಳ ಕಡೆ ತಿರುಗಿದ. "ಹೇಳವ್ವ ನಿಮ್ಮತ್ತಿಗೆಗೆ. ತಪ್ಪೈತಾ?"

ಸಿದ್ದಗಂಗಮ್ಮ ತುತ್ತನ್ನು ತಟ್ಟೆಗಿಟ್ಟಳು. ನೀರು ಕುಡಿದಳು.

"ಬೆಳಕು ತಪ್ಪಿಲ್ಲ ಅಣ್ಣ," ಅಂದಳು.

"ಕೇಳ್ದೇನೇ?" ಎಂದು ಅವನು ಹೆಂಡತಿಯನ್ನು ನೋಡಿ ನಕ್ಕ. ಆ ನಗೆ ಅವಳಿಗೆ ಮನೆ ಮುಟ್ಟುವವರೆಗೂ ಕೇಳಿಸುತ್ತಿತ್ತು.

ಹೇಳಿದರೆ ಅವನು ರಂಗ ಬಿಡುತ್ತಾನೆ. ಅವನು ಬಿಟ್ಟರೆ ಮೇಳ ಮುರಿಯುತ್ತದೆ, ಇಲ್ಲವೇ ಇವಳ ಬೂಟನ್ನು ಆಚೆಗೆಸೆಯುತ್ತದೆ. ಆಮೇಲೆ ಆ ಮೆಟ್ಟಿಲು ಹತ್ತಿ ಗಂಗಾ ಎಂದು ಕರೆಯುವವರು ಯಾರು? ಹೇಳದಿದ್ದರೆ ಅವನ ಕಾಲು ದಿನಕ್ಕಿಷ್ಟು ಸಾಯುತ್ತದೆ, ಅಷ್ಟೆ. ಹೀಗೆ ಎರಡನ್ನೂ ತೂಗಲು ಹೊರಟಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ತೂಗಿದಳು. ನೂರ ತೊಂಬತ್ತೆಂಟು. ಇನ್ನು ಒಂದೆರಡು ಆಟಕ್ಕೆ ಇನ್ನೂರು ದಾಟಿ, ತುಂಬಿದ ಸಭೆಯಲ್ಲಿ ಎಡಗಾಲಿನ ಬೆಳಕು ತಡವರಿಸುತ್ತದೆ. ಬರುವ ಭಾನುವಾರದ ಆಟ ಒಂದು ಕಳೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು, ಮಿತಿಯ ಇನ್ನೂರನ್ನು ಅಳಿಸಿ ಮುನ್ನೂರು ಮಾಡಿದಳು. ಒಂದು ಅಂಕಿ ಬದಲಾಯಿತು. ಪರದೆ 'ಸರಿ' ಅಂದಿತು.

ಭಾನುವಾರ ಕಲಾಮಂದಿರದಲ್ಲಿ ಕೂರಲು ಜಾಗವಿರಲಿಲ್ಲ. ಅವಳ ಜಾಗ ಎಂದಿಗೂ ಸಭೆಯ ಹಿಂಬದಿಯ ಗಾಜಿನ ಕೋಣೆ. ಅಲ್ಲಿಂದ ನೋಡಿದರೆ ಕಾಣುವುದು ಬೆಳಕು ಮಾತ್ರ. ಆ ಸಂಜೆ ಯಂತ್ರವನ್ನು ಅದರ ಪಾಡಿಗೆ ಬಿಟ್ಟು, ರಂಗದ ಪಕ್ಕದ ಪರದೆಯ ಹಿಂದೆ ಹೋಗಿ ನಿಂತಳು.

ಭಾಗವತರು ಪದ ಎತ್ತಿದರು. ಮದ್ದಳೆ ಗುಡುಗಿತು. ಕಿರೀಟ ಹೊತ್ತು, ಎದೆಗೆ ಕವಚ ಬಿಗಿದು ರಂಗಧಾಮಯ್ಯ ಬಂದ. ಬಲಗಾಲು ಬಿತ್ತು, ಹೊಂಬಣ್ಣ ಹರಡಿತು. ಎಡಗಾಲಿನ ಹೊಂಬಣ್ಣವೂ ಹರಡಿತು, ಆದರೆ ಕಾಲು ಎಲ್ಲಿ? ಬೆಳಕು ಆಗಲೇ ನೆಲದ ಮೇಲಿತ್ತು. ಕಾಲು ಇನ್ನೂ ಗಾಳಿಯಲ್ಲಿತ್ತು. ಬಾವಿಗೆ ಬಿದ್ದ ಕೊಡವನ್ನು ಹುಡುಕುವ ಹಗ್ಗದಂತೆ ಅದು ತೂಗಾಡಿ ಇಳಿದು, ಬೆಳಕು ಆರುವ ಹೊತ್ತಿಗೆ ನೆಲ ಮುಟ್ಟಿ, ತುದಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಮತ್ತೆ ಬೆಳಕು. ಮತ್ತೆ, ಅದರ ಹಿಂದೆ, ಬಡಪಾಯಿ ಕಾಲು. ಸಾವಿರ ಜನ ಬೆಳಕನ್ನು ನೋಡಿ ಚಪ್ಪಾಳೆ ತಟ್ಟಿದರು. ಕಾಲನ್ನು ನೋಡಿದವಳು ಅವಳೊಬ್ಬಳೇ. ಅಷ್ಟು ಗದ್ದಲದ ನಡುವೆ ನಿಂತು ಅಷ್ಟು ಒಂಟಿ ಎಂದೂ ಅನ್ನಿಸಿರಲಿಲ್ಲ.

ಆಟ ಮುಗಿಸಿ ಬೆವರು ಒರೆಸುತ್ತ ಬಂದವನು ಕೇಳಿದ, "ಹೆಂಗಿತ್ತವ್ವ?"

"ನಾಳೆ ಗೋದಾಮಿಗೆ ಬಾ ಅಣ್ಣ. ಒಬ್ನೇ ಬಾ," ಅಂದಳು.

ಅವನು ಬಂದ. ಟೀ ಕೊಡಲಿಲ್ಲ, ಕೊಟ್ಟರೆ ಮಾತು ಮತ್ತೆ ಜಾರುತ್ತದೆಂದು ಅವಳಿಗೆ ಗೊತ್ತಿತ್ತು. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಸವೆದ ರಬ್ಬರು, ಏರಿದ ಅಂಕಿ, ವೈದ್ಯೆಯ ಮಾತು. ಕೊನೆಗೆ ಮುನ್ನೂರನ್ನೂ ಹೇಳಿದಳು.

ರಂಗಧಾಮಯ್ಯ ಬೂಟನ್ನೆತ್ತಿ ತೇಪೆಯ ಮೇಲೆ ಬೆರಳಾಡಿಸಿದ.

"ನಿಂಗೆ ಎಷ್ಟು ದಿನದಿಂದ ಗೊತ್ತು?"

"ಏಳು ದಿನ."

"ಬೂಟಿಗೆ?"

"ಎರಡೂವರೆ ವರ್ಷ."

"ಭೇಷ್. ನನ್ನ ಕಾಲಿನ ಸುದ್ದಿ ನಾನು ಮೆಟ್ಟಿದ್ದಕ್ಕೆ ಗೊತ್ತು, ನಂಗೆ ಗೊತ್ತಿಲ್ಲ." ಅವನ ದನಿ ಏರಿತು. "ಊರ ಮುಂದೆಲ್ಲ ಎದೆ ತಟ್ಕಂಡು ಹೇಳ್ಕಂಡು ತಿರುಗಿದ್ನಲ್ಲೇ, ಒಂದು ಹೆಜ್ಜೆ ತಪ್ಪಿಲ್ಲ ಅಂತ! ಮನೇಲಿ ಕೂತು ನನ್ನ ಅನ್ನ ಉಂಡು, ಬೆಳಕು ತಪ್ಪಿಲ್ಲ ಅಣ್ಣ ಅಂದ್ಯಲ್ಲೇ!"

"ಅಪ್ಪ ಹಂಗೇ ಮಾಡ್ತಿದ್ದ ಅಣ್ಣ," ಅಂದಳು. "ಕಾಲು ತಪ್ಪಿದ್ರೆ ಮದ್ದಳೆಲಿ ಮುಚ್ತಿದ್ದ. ನಾನು ಕೇಳಿವ್ನಿ. ಅದನ್ನೇ ಬೂಟಿಗೆ..."

"ಏನು ಕೇಳಿದ್ದೆ ನೀನು?"

"ಮುಚ್ಚೋದನ್ನ."

ರಂಗಧಾಮಯ್ಯನ ಸಿಟ್ಟು ಎಲ್ಲೋ ಒಂದು ಕಡೆ ತಡೆದು ನಿಂತಿತು. ಅವನು ಅವಳನ್ನು ಹೊಸದಾಗಿ ಕಂಡವನಂತೆ ನೋಡಿದ.

"ನಿಮ್ಮಪ್ಪ ರಂಗದ ಮೇಲೆ ಮುಚ್ತಿದ್ದ ಕಣೆ, ನಿಜ. ಬೆಳಿಗ್ಗೆ ನಾವು ಬಣ್ಣ ತೆಗೀತಾ ಕೂತಿರ್ತಿದ್ವಿ. ಎಣ್ಣೆಬಟ್ಟೆ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರೋನು. 'ಒಡ್ಡೋಲಗದಲ್ಲಿ ಎರಡು, ಯುದ್ಧದಲ್ಲಿ ನಾಲ್ಕು, ಕೊನೆ ತಿರುಗಿನಲ್ಲಿ ಒಂದು. ಏನಾಗೈತೋ ನಿನ್ನ ಕಾಲಿಗೆ?' ಅನ್ನೋನು. ಒಂದನ್ನೂ ಬಿಡ್ತಿರಲಿಲ್ಲ. ಮುಖಕ್ಕೆ ಹಾಕೋ ತಣ್ಣೀರಿಗಿಂತ ಅವನ ಮಾತೇ ಚಳಿ ಹಿಡಿಸೋದು. 'ಬೆಳಿಗ್ಗೆ ಹೇಳದೋನಿಗೆ ರಾತ್ರಿ ಮುಚ್ಚೋ ಹಕ್ಕಿಲ್ಲ' ಅನ್ನೋನು ನಿಮ್ಮಪ್ಪ. ಇದು ನಿಂಗೆ ಗೊತ್ತಿಲ್ವಾ?"

ಅವಳಿಗೆ ಗೊತ್ತಿರಲಿಲ್ಲ. ಮಂಗಳ ಹಾಡಿದ್ದೇ ತಡ, ಗಂಡಸರು ವೇಷ ಬಿಚ್ಚುವ ಮೊದಲೇ ಅಮ್ಮ ಅವಳನ್ನು ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದಳು. ಅರ್ಧ ನಿದ್ದೆಯಲ್ಲಿ ಅವಳ ಕಿವಿಗೆ ಬೀಳುತ್ತಿದ್ದದ್ದು ಅಮ್ಮನ ಬಳೆಯ ಸದ್ದು ಮಾತ್ರ. ಅಪ್ಪನ ಧರ್ಮದಲ್ಲಿ ಅರ್ಧವನ್ನಷ್ಟೇ ಕೇಳಿದ್ದಳು. ಆ ಅರ್ಧವನ್ನೇ ಇಡಿಯೆಂದು ನಂಬಿ, ಅದಕ್ಕೆ ತಂತಿ ಸುತ್ತಿ, ಇವನ ಕಾಲಿಗೆ ತೊಡಿಸಿದ್ದಳು.

"ನಂಗ್ಯಾರೂ ಹೇಳಲಿಲ್ಲ ಅಣ್ಣ," ಅಂದಳು.

ಅವನು ಕೆಳಗೆ ಕೂತ. ಬಣ್ಣ ತೆಗೆಯುವವರು ಕೂರುವ ಹಾಗೆ, ಕಾಲು ಮಡಿಸಿ, ಮುಖ ಮುಂದಕ್ಕೆ ಒಡ್ಡಿ ಕೂತ.

"ಓದು."

"ಏನನ್ನ?"

"ಎಲ್ಲಾನೂ. ಅದು ಬರ್ಕಂಡಿರೋದನ್ನೆಲ್ಲ. ಎಡಗಾಲು ತಪ್ಪಿದ ಮೊದಲನೇ ಆಟದಿಂದ."

ಅವಳು ಪರದೆಯ ಮುಂದೆ ಕೂತು ಓದಿದಳು. ಇಂಥ ದಿನದ ಆಟ, ಒಡ್ಡೋಲಗ, ಎಡಗಾಲು, ಮೂರನೇ ತಿರುಗು, ನಲವತ್ತೈದು. ಅವನು ಹೂಂ ಎಂದ. ಯುದ್ಧದ ಪದ, ಎಡಗಾಲು, ನಲವತ್ತೇಳು. ಹೂಂ. ಪುರಾಣ ಓದುವವಳಿಗೆ ಹೂಂಗುಟ್ಟುವವನಂತೆ, ಒಂದೊಂದಕ್ಕೂ ಹೂಂ ಅಂದ. ನೂರ ಇಪ್ಪತ್ತೇಳು ಆಟಗಳು. ನಡುವೆ ಎಲ್ಲೋ ಅವಳ ಕಣ್ಣು ಮಂಜಾಗಿ ಒಂದು ಸಾಲು ಹಾರಿತು. "ಬಿಟ್ಟೆ ನೋಡು," ಅಂದ ಅವನು. ಅವನಿಗೆ ತನ್ನ ಆಟಗಳೆಲ್ಲ ನೆನಪಿದ್ದವು. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದು, ನೆಲದಿಂದ ಗೋಡೆ ಹತ್ತಿತು. ನಿನ್ನೆಯದು ಬಂತು. ಎಡಗಾಲು, ಇನ್ನೂರ ನಾಲ್ಕು.

"ಹೂಂ," ಎಂದು ಅವನು ಗೋಡೆ ಹಿಡಿದು ಎದ್ದ. "ಮುಂದಿನ ಆಟಕ್ಕೆ ಬೇರೆಯೋರನ್ನ ನೋಡ್ಕಳ್ಳಿ ಅಂತ ಭಾಗವತರಿಗೆ ಹೇಳ್ತೀನಿ. ತುಮಕೂರಿಗೆ ನಾಳೆ ಹೋಗ್ತೀನಿ. ಆ ಡಾಕ್ಟ್ರಮ್ಮನ ನಂಬರು ಬರ್ದು ಕೊಡು."

ಬರೆದು ಕೊಟ್ಟಳು. "ನಾನೂ ಬರ್ತೀನಿ ಅಣ್ಣ."

"ಬ್ಯಾಡ. ಹೊನ್ನಿ ಬರ್ತಾಳೆ." ಚೀಟಿಯನ್ನು ಜೇಬಿಗೆ ಹಾಕಲು ಎಡಗೈ ಒದ್ದಾಡಿತು, ಬಲಗೈಗೆ ತೆಗೆದುಕೊಂಡ. "ಹೇಳಿದ್ದು ಒಳ್ಳೇದಾಯ್ತು. ತಡವಾಗೇ ಹೇಳಿದೆ, ಹೇಳಿದೆ. ಆದ್ರೆ ಕೊಂಚ ದಿನ ನಿನ್ನ ಮುಖ ನೋಡಕ್ಕಾಗಕಿಲ್ಲ ನಂಗೆ. ಎಷ್ಟು ದಿನ ಅಂತ ಕೇಳ್ಬ್ಯಾಡ."

ಅವಳು ಪರದೆ ಆರಿಸಿದಳು.

ಅವನು ಮರದ ಮೆಟ್ಟಿಲು ಇಳಿಯತೊಡಗಿದ. ಬೂಟಿಲ್ಲದ ಬರಿಗಾಲು, ಬೆಳಕಿಲ್ಲ, ಮದ್ದಳೆಯಿಲ್ಲ. ಬಲಗಾಲು ಬಿತ್ತು. ಆಮೇಲೆ, ಬರಬೇಕಾದ ಹೊತ್ತು ಕಳೆದ ಮೇಲೆ, ಎಡಗಾಲು. ಬಲಗಾಲು. ಆ ಸಂದು. ಎಡಗಾಲು. ಅವಳ ಬೆರಳುಗಳು ತಾವಾಗಿ ಮೇಜಿನ ಅಂಚಿಗೆ ಎದ್ದವು, ಆ ಸಂದಿನಲ್ಲೊಂದು ಪೆಟ್ಟು ಇಟ್ಟು ಅದನ್ನು ತುಂಬಲು. ಅವುಗಳನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲಿಸಿ, ಒಂದನ್ನೂ ಮುಚ್ಚದೆ, ಕೊನೆಯ ಮೆಟ್ಟಿಲಿನವರೆಗೆ ಅವನ ಕಾಲನ್ನು ಕೇಳಿದಳು.